ಹೆಜ್ಜೆಯ ಲೆಕ್ಕ: ಪಂಡಿತ ನೈನ್ ಸಿಂಗ್ ರಾವತ್ ಮತ್ತು ಸಾಮ್ರಾಜ್ಯಗಳ ಏಷ್ಯಾ

ಹತ್ತೊಂಬತ್ತನೆಯ ಶತಮಾನದ ನಡುಭಾಗದ ವೇಳೆಗೆ ಏಷ್ಯಾಖಂಡದ ಒಳನಾಡು ಮೂರು ಸಾಮ್ರಾಜ್ಯಗಳ ನಡುವೆ ಸಿಲುಕಿತ್ತು. ದಕ್ಷಿಣದಿಂದ ಬ್ರಿಟಿಷರು ಹಿಮಾಲಯದ ಬುಡದವರೆಗೆ ಬಂದು ನಿಂತಿದ್ದರು. ಉತ್ತರದಿಂದ ರಷ್ಯಾ 1865ರಲ್ಲಿ ತಾಷ್ಕೆಂಟನ್ನು, 1868ರಲ್ಲಿ ಸಮರಖಂಡವನ್ನು, 1873ರಲ್ಲಿ ಖೀವಾವನ್ನು ವಶಪಡಿಸಿಕೊಂಡು ಕೆಳಗಿಳಿಯುತ್ತಿತ್ತು. ಪೂರ್ವದಲ್ಲಿ ಚೀನಾದ ಚಿಂಗ್ ಪ್ರಭುತ್ವವು ದುರ್ಬಲಗೊಳ್ಳುತ್ತಿದ್ದರೂ ಟಿಬೆಟ್ಟಿನ ಮೇಲಿನ ತನ್ನ ಹಿಡಿತವನ್ನು ಬಿಟ್ಟುಕೊಟ್ಟಿರಲಿಲ್ಲ. ಈ ಪೈಪೋಟಿಯನ್ನು ಇಂಗ್ಲಿಷ್ ಇತಿಹಾಸಕಾರರು 'ಗ್ರೇಟ್ ಗೇಮ್' ಎಂದು ಕರೆದಿದ್ದಾರೆ. ಅದನ್ನು ಆಟವೆಂದು ಕರೆಯುವ ಸೌಕರ್ಯ ಆಡಿಸಿದವರಿಗಿತ್ತೇ ಹೊರತು, ಯಾರ ನೆಲದ ಮೇಲೆ ಅದು ನಡೆಯಿತೋ ಅವರಿಗಾಗಲಿ, ಯಾರ ಕಾಲುಗಳಿಂದ ನಡೆಯಿತೋ ಅವರಿಗಾಗಲಿ ಇರಲಿಲ್ಲ. ಅಂತಹ ಕಾಲುಗಳಲ್ಲಿ ಮೊದಲು ಹೆಸರಿಸಬೇಕಾದವು ಕುಮಾವೂಂ ಪ್ರಾಂತ್ಯದ ಹಳ್ಳಿಯೊಂದರ ಶಾಲಾ ಉಪಾಧ್ಯಾಯನಾಗಿದ್ದ ನೈನ್ ಸಿಂಗ್ ರಾವತ್‌ನವು.

ನೈನ್ ಸಿಂಗ್ ಹುಟ್ಟಿದ್ದು 1830ರಲ್ಲಿ, ಗೋರಿ ಗಂಗಾ ನದಿಯ ಉಗಮದ ಸಮೀಪದಲ್ಲಿರುವ ಜೋಹಾರ ಕಣಿವೆಯ ಮಿಲಂ ಗ್ರಾಮದಲ್ಲಿ. ಅಲ್ಲಿಯ ಶೌಕಾ ಜನರನ್ನು ಬ್ರಿಟಿಷ್ ದಾಖಲೆಗಳು ಭೋಟಿಯಾ ಎಂದು ಗುರುತಿಸುತ್ತವೆ. ಬೇಸಾಯಕ್ಕೆ ಹೆಚ್ಚು ಅನುಕೂಲವಿಲ್ಲದ ಆ ಎತ್ತರದಲ್ಲಿ ಅವರನ್ನು ಬದುಕಿಸಿದ್ದು ವ್ಯಾಪಾರ. ಬೇಸಿಗೆಯಲ್ಲಿ ಹಿಮ ಕರಗಿದೊಡನೆ ಕುರಿ ಮೇಕೆಗಳ ಬೆನ್ನಿಗೆ ಧಾನ್ಯ, ಬೆಲ್ಲ, ಬಟ್ಟೆಗಳನ್ನು ಹೇರಿ ಊಂಟಾಧುರಾ, ಕುಂಗ್ರಿಬಿಂಗ್ರಿ ಕಣಿವೆದಾರಿಗಳನ್ನು ದಾಟಿ ಪಶ್ಚಿಮ ಟಿಬೆಟ್ಟಿನ ಸಂತೆಗಳಿಗೆ ಹೋಗುವುದು, ಉಪ್ಪು, ಉಣ್ಣೆ, ಬಿಳಿಗಾರಗಳನ್ನು ತರುವುದು ತಲೆಮಾರುಗಳಿಂದ ನಡೆದು ಬಂದಿತ್ತು. ಟಿಬೆಟನ್ ಭಾಷೆ ಮತ್ತು ಅಲ್ಲಿನ ರೀತಿನೀತಿಗಳು ಅವರಿಗೆ ಮನೆಮಾತಿನಷ್ಟೇ ಸಹಜವಾಗಿದ್ದವು. ಗಡಿಯೆಂಬುದು ಅವರ ಅನುಭವದಲ್ಲಿ ಒಂದು ಗೆರೆಯಾಗಿರದೆ ಒಂದು ಋತುವಾಗಿತ್ತು. 1812ರಲ್ಲಿ ಮಾನಸಸರೋವರದವರೆಗೆ ಹೋದ ವಿಲಿಯಂ ಮೂರ್‌ಕ್ರಾಫ್ಟ್ ತೊಂದರೆಗೆ ಸಿಲುಕಿದಾಗ ನೆರವಿಗೆ ಬಂದವರು ಇದೇ ರಾವತ್ ಮನೆತನದ ಹಿರಿಯರು. ಹೀಗೆ ಬಿಳಿಯರ ಒಡನಾಟವು ನೈನ್ ಸಿಂಗ್ ಹುಟ್ಟುವ ಮೊದಲೇ ಆ ಮನೆಯ ಹೊಸ್ತಿಲನ್ನು ತುಳಿದಿತ್ತು.

ಆದರೂ ಮನೆಯಲ್ಲಿ ಸಿರಿತನವಿರಲಿಲ್ಲ. 1855ರಿಂದ 57ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಸಮೀಕ್ಷೆ ನಡೆಸುತ್ತಿದ್ದ ಜರ್ಮನಿಯ ಶ್ಲಾಗಿನ್‌ಟ್ವೈಟ್ ಸಹೋದರರ ಜೊತೆ ನೈನ್ ಸಿಂಗ್ ಮಾನಸಸರೋವರ ಹಾಗೂ ಲಡಾಖ್ ಪ್ರದೇಶಗಳಲ್ಲಿ ದುಡಿದನು. ಉಪಕರಣಗಳ ಬಳಕೆಯನ್ನು ಮೊದಲು ಕಂಡದ್ದು ಅಲ್ಲಿಯೇ. ಆ ಸಹೋದರರಲ್ಲೊಬ್ಬನಾದ ಅಡಾಲ್ಫ್ 1857ರಲ್ಲಿ ಕಾಷ್ಗರದಲ್ಲಿ ಶಿರಚ್ಛೇದಕ್ಕೊಳಗಾದನು. 1858ರಲ್ಲಿ ನೈನ್ ಸಿಂಗ್ ಮಿಲಂನ ಸರ್ಕಾರಿ ಶಾಲೆಯ ಉಪಾಧ್ಯಾಯನಾದನು. ಮುಂದೆ ಲಂಡನ್ನಿನವರೆಗೂ ಹರಡಿದ 'ಪಂಡಿತ' ಎಂಬ ಹೆಸರು ಈ ಉಪಾಧ್ಯಾಯ ವೃತ್ತಿಯಿಂದ ಬಂದುದು. ಅದು ಶಾಸ್ತ್ರಪಾಂಡಿತ್ಯದ ಬಿರುದಲ್ಲ.

ಈ ಉಪಾಧ್ಯಾಯನು ಗೂಢ ಪ್ರಯಾಣಿಕನಾದುದನ್ನು ಅರಿಯಲು ಭಾರತದ ಭೂಮಾಪನದ ಚರಿತ್ರೆಯತ್ತ ತಿರುಗಬೇಕಾಗುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮರುವರ್ಷವೇ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದನು. 1802ರಲ್ಲಿ ಮದರಾಸಿನಲ್ಲಿ ಆರಂಭವಾದ ಆತನ ತ್ರಿಕೋನಮಿತೀಯ ಸರ್ವೇಕ್ಷಣೆಯೇ ಮುಂದೆ ಹಿಮಾಲಯದವರೆಗೆ ಬೆಳೆಯಿತು. ಮೈಸೂರು ಸೀಮೆಯಲ್ಲಿ ಅಳತೆಯ ಸರಪಳಿಯನ್ನು ಹಗಲು ಬೆಳಕಿನಲ್ಲಿ, ಎಲ್ಲರ ಕಣ್ಣೆದುರು ಎಳೆಯಲಾಯಿತು. ಏಕೆಂದರೆ ಆ ನೆಲ ಆಗಲೇ ಗೆದ್ದ ನೆಲವಾಗಿತ್ತು. ಹಿಮಾಲಯದಾಚೆಗೆ ಅದು ಸಾಧ್ಯವಿರಲಿಲ್ಲ. ಯುರೋಪಿಯನ್ನರಿಗೆ ಟಿಬೆಟ್ ಮುಚ್ಚಿದ ನಾಡು. ಶಿಖರಗಳ ಎತ್ತರವನ್ನು ದೂರದಿಂದಲೇ ಲೆಕ್ಕಹಾಕಿದ್ದ ಇಲಾಖೆಗೆ ಲಾಸಾ ನಗರವು ನಕಾಶೆಯ ಮೇಲೆ ಎಲ್ಲಿ ಬರುತ್ತದೆಂಬುದು ಖಚಿತವಾಗಿ ತಿಳಿದಿರಲಿಲ್ಲ. ಬಿಳಿಯ ಅಧಿಕಾರಿ ಹೋಗಲಾರದೆಡೆಗೆ ದೇಶೀಯನನ್ನು ತರಬೇತುಗೊಳಿಸಿ ಕಳುಹಿಸುವ ಯೋಜನೆಯನ್ನು ಕಾಶ್ಮೀರದ ಸರ್ವೇಕ್ಷಣೆಯಲ್ಲಿದ್ದ ಕ್ಯಾಪ್ಟನ್ ಥಾಮಸ್ ಜಾರ್ಜ್ ಮಾಂಟ್‌ಗೊಮೆರಿ 1862ರಲ್ಲಿ ಮುಂದಿಟ್ಟನು. ಮೊದಲು ಯಾರ್ಕಂದಕ್ಕೆ ಹೋದ ಅಬ್ದುಲ್ ಹಮೀದ್ ಎಂಬ ಮುನ್ಷಿ ಹಿಂದಿರುಗುವ ದಾರಿಯಲ್ಲಿ ಮಡಿದನು. ಅವನ ಟಿಪ್ಪಣಿಗಳು ಮಾತ್ರ ಇಲಾಖೆಯ ಕೈಸೇರಿದವು. ಸಾವಿಗಿಂತ ಟಿಪ್ಪಣಿಗಳ ಉಳಿವನ್ನೇ ಯೋಜನೆಯ ಯಶಸ್ಸೆಂದು ಬಗೆದಂತೆ ತೋರುವ ಇಲಾಖೆ ಹೊಸಬರನ್ನು ಹುಡುಕತೊಡಗಿತು. ಕುಮಾವೂಂನ ಶಿಕ್ಷಣಾಧಿಕಾರಿ ಎಡ್ಮಂಡ್ ಸ್ಮಿತ್ ನೈನ್ ಸಿಂಗ್ ಹಾಗೂ ಅವನ ದಾಯಾದಿ ಸಹೋದರ ಮಾನಿ ಸಿಂಗನ ಹೆಸರುಗಳನ್ನು ಸೂಚಿಸಿದನು. 1863ರಲ್ಲಿ ಇಬ್ಬರೂ ಡೆಹರಾಡೂನಿಗೆ ಬಂದರು.

ಅಲ್ಲಿ ಪಡೆದ ಶಿಕ್ಷಣವು ವಿಶಿಷ್ಟವಾದುದು. ಸೆಕ್ಸ್‌ಟೆಂಟ್ ಹಿಡಿದು ನಕ್ಷತ್ರದ ಎತ್ತರ ನೋಡಿ ಅಕ್ಷಾಂಶ ತಿಳಿಯುವುದು, ನೀರು ಕುದಿಯುವ ಉಷ್ಣತೆಯಿಂದ ಸ್ಥಳದ ಎತ್ತರವನ್ನು ಅಂದಾಜಿಸುವುದು, ದಿಕ್ಸೂಚಿಯ ಬಳಕೆ ಇವೆಲ್ಲವನ್ನೂ ಕಲಿತದ್ದಾಯಿತು. ಆದರೆ ಪ್ರಧಾನ ಉಪಕರಣ ದೇಹವೇ ಆಗಿತ್ತು. ಏರಿರಲಿ ಇಳಿಜಾರಿರಲಿ, ಹೆಜ್ಜೆಯ ಉದ್ದ ವ್ಯತ್ಯಾಸವಾಗದಂತೆ ನಡೆಯಲು, ಸುಮಾರು 2,000 ಹೆಜ್ಜೆಗೆ ಒಂದು ಮೈಲಿಯಾಗುವಂತೆ ಕಾಲುಗಳನ್ನು ಪಳಗಿಸಲಾಯಿತು. ಬೌದ್ಧರ ಜಪಮಾಲೆಯಲ್ಲಿರುವ 108 ಮಣಿಗಳಲ್ಲಿ ಎಂಟನ್ನು ತೆಗೆದು 100 ಮಾಡಲಾಯಿತು. ನೂರು ಹೆಜ್ಜೆಗೊಂದು ಮಣಿ ಜಾರಿಸಿದರೆ ಮಾಲೆಯ ಒಂದು ಸುತ್ತಿಗೆ ಹತ್ತು ಸಾವಿರ ಹೆಜ್ಜೆ. ಕೈಯಲ್ಲಿ ತಿರುಗುವ ಪ್ರಾರ್ಥನಾಚಕ್ರದೊಳಗೆ ಮಂತ್ರದ ಸುರುಳಿಯ ಬದಲು ಬರೆದಿಡಲು ಕಾಗದದ ಚೂರುಗಳು; ಪೆಟ್ಟಿಗೆಯ ಸುಳ್ಳುತಳದಲ್ಲಿ ಸೆಕ್ಸ್‌ಟೆಂಟ್; ಮೇಣದಿಂದ ಬಾಯಿ ಮುಚ್ಚಿದ ಕವಡೆಗಳಲ್ಲಿ ಪಾದರಸ. ಯಾತ್ರಿಕರ ಮರದ ಬಟ್ಟಲಿಗೆ ಆ ಪಾದರಸವನ್ನು ಸುರಿದರೆ ನಕ್ಷತ್ರ ನೋಡಲು ಬೇಕಾದ ಕೃತಕ ದಿಗಂತ ಸಿದ್ಧವಾಗುತ್ತಿತ್ತು. ತೆಗೆದುಹಾಕಿದ ಆ ಎಂಟು ಮಣಿಗಳನ್ನು ಲೆಕ್ಕದ ಸೌಕರ್ಯವೆಂದಷ್ಟೇ ನೋಡಲಾಗದು. ನಂಬಿಕೆಯ ವಸ್ತುವೊಂದರ ಹೊರರೂಪವನ್ನು ಉಳಿಸಿಕೊಂಡು ಒಳಗಿನ ಅರ್ಥವನ್ನು ದಶಮಾನಕ್ಕೆ ಬದಲಾಯಿಸುವುದು ವಸಾಹತುಶಾಹಿ ಜ್ಞಾನದ ಕಾರ್ಯವಿಧಾನಕ್ಕೆ ದೊರಕುವ ಅತ್ಯಂತ ಸ್ಪಷ್ಟ ನಿದರ್ಶನಗಳಲ್ಲಿ ಒಂದು. ಕಿಪ್ಲಿಂಗ್ ತನ್ನ 'ಕಿಮ್' (1901) ಕಾದಂಬರಿಯಲ್ಲಿ ಜಪಮಾಲೆಯಿಂದ ದಾರಿ ಅಳೆಯುವ ಈ ವಿದ್ಯೆಯನ್ನು ಬಳಸಿಕೊಂಡಿದ್ದಾನೆ. ಅಲ್ಲಿ ಅದು ಸಾಹಸದ ಬಣ್ಣ ಪಡೆದಿದೆ.

1865ರ ಆರಂಭದಲ್ಲಿ ಹೊರಟ ಸಹೋದರರು ನೇಪಾಳದ ಮೂಲಕ ಟಿಬೆಟ್ ಪ್ರವೇಶಿಸಲು ಪ್ರಯತ್ನಿಸಿದರು. ಕೀರೊಂಗ್ ದಾರಿಯ ಗಡಿಯಲ್ಲಿ ಅವರ ಸಾಮಾನುಗಳ ತಪಾಸಣೆಯಾಯಿತು. ಉಪಕರಣಗಳು ಸಿಗಲಿಲ್ಲವಾದರೂ ಪ್ರವೇಶ ದೊರೆಯಲಿಲ್ಲ. ಕೀರೊಂಗಿನ ಅಧಿಕಾರಿಗೆ ಮಾನಿ ಸಿಂಗನ ಮುಖಪರಿಚಯವಿತ್ತೆಂಬುದೂ ತಿಳಿಯಿತು. ಯಾವ ವ್ಯಾಪಾರದ ನಂಟು ಇವರನ್ನು ಈ ಕೆಲಸಕ್ಕೆ ಯೋಗ್ಯರನ್ನಾಗಿಸಿತ್ತೋ ಅದೇ ನಂಟು ಅಪಾಯವಾಗಿ ಎದುರು ನಿಂತಿತು. ಮಾನಿ ಸಿಂಗ್ ಬೇರೆ ದಾರಿ ಹಿಡಿದು ಹಿಂದಿರುಗಿದನು. ನೈನ್ ಸಿಂಗ್ ಜಡೆ ಕಟ್ಟಿಕೊಂಡು ಲಡಾಖಿ ವ್ಯಾಪಾರಿಯ ವೇಷದಲ್ಲಿ ಮತ್ತೆ ಗಡಿಗೆ ಬಂದನು. ಆ ವರ್ಷ ಲಾಸಾಕ್ಕೆ ಹೋದರೆ ತನ್ನ ತಲೆಯನ್ನೊಪ್ಪಿಸುವುದಾಗಿ ಮುಚ್ಚಳಿಕೆ ಬರೆದುಕೊಟ್ಟು ಒಳಹೊಕ್ಕನು.

ಲಡಾಖಿನ ವರ್ತಕರ ತಂಡವೊಂದನ್ನು ಸೇರಿ, ತ್ಸಾಂಗ್‌ಪೋ ನದಿಯ ಜಾಡಿನಲ್ಲಿ ಅಕ್ಟೋಬರ್ ಕೊನೆಯ ವೇಳೆಗೆ ಶಿಗಾತ್ಸೆ ತಲುಪಿದನು. ಅಲ್ಲಿನ ತಾಶಿ ಲುಂಪೊ ವಿಹಾರದಲ್ಲಿ ಪಂಚೆನ್ ಲಾಮಾರ ದರ್ಶನಕ್ಕೆ ತಂಡದವರೊಡನೆ ಹೋಗುವುದು ಅನಿವಾರ್ಯವಾಯಿತು. (1959ರ ನಂತರದ ವಲಸೆಯ ಫಲವಾಗಿ ಈ ವಿಹಾರದ ಹೆಸರಿನ ಮಠವೊಂದು ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ಮರುಸ್ಥಾಪನೆಗೊಂಡಿರುವುದು ಕನ್ನಡದ ಓದುಗರಿಗೆ ತಿಳಿದೇ ಇದೆ.) ಲಾಮಾ ಮನುಷ್ಯರ ಮನಸ್ಸಿನ ಗುಟ್ಟನ್ನು ಅರಿಯಬಲ್ಲರೆಂಬ ನಂಬಿಕೆಯಿಂದ ನೈನ್ ಸಿಂಗ್ ಅಳುಕಿದ್ದನು. ಪೀಠದ ಮೇಲಿದ್ದವನು ಹತ್ತು ಹನ್ನೊಂದರ ಬಾಲಕ. ಎಲ್ಲರನ್ನೂ ಕೇಳುವ ಕುಶಲದ ಮಾತುಗಳನ್ನೇ ಇವನನ್ನೂ ಕೇಳಿ ಹರಸಿ ಕಳುಹಿಸಿದನು. ಹಣ ಮುಗಿಯುತ್ತ ಬಂದಾಗ ನೈನ್ ಸಿಂಗ್ ಶಿಗಾತ್ಸೆಯ ನೇಪಾಳಿ ವರ್ತಕರಿಗೆ ಲೆಕ್ಕಪತ್ರ ಕಲಿಸಿ ದಿನದೂಡಿದನು. ಎಷ್ಟು ವೇಷ ತೊಟ್ಟರೂ ಮಿಲಂನ ಉಪಾಧ್ಯಾಯ ಉಳಿದೇ ಇದ್ದನು.

1866ರ ಜನವರಿ 10ರಂದು ಲಾಸಾ ಸೇರಿದ ನೈನ್ ಸಿಂಗ್ ಅಲ್ಲಿ ಮೂರು ತಿಂಗಳಿಗೂ ಹೆಚ್ಚು ಕಾಲ ಉಳಿದನು. ಕಾಶ್ಮೀರಿ ಮುಸ್ಲಿಂ ವರ್ತಕರಿಬ್ಬರು ಅವನ ವೇಷವನ್ನು ಕಂಡುಹಿಡಿದರು. ಆದರೆ ಗುಟ್ಟು ಬಿಟ್ಟುಕೊಡದೆ, ಗಡಿಯಾರವನ್ನು ಒತ್ತೆಯಿಟ್ಟುಕೊಂಡು ಸಾಲವನ್ನೂ ಕೊಟ್ಟರು. ಅನುಮತಿಯಿಲ್ಲದೆ ನಗರಕ್ಕೆ ಬಂದ ಚೀನೀಯನೊಬ್ಬನ ಶಿರಚ್ಛೇದವು ಬೀದಿಯಲ್ಲಿ ನಡೆದುದನ್ನೂ, ಮುಚ್ಚಳಿಕೆ ಬರೆಸಿಕೊಂಡ ಕೀರೊಂಗಿನ ಅಧಿಕಾರಿ ಲಾಸಾದಲ್ಲಿಯೇ ಸುಳಿದಾಡುತ್ತಿರುವುದನ್ನೂ ಕಂಡ ಮೇಲೆ ಅವನು ಹೊರಗೆ ಕಾಣಿಸಿಕೊಳ್ಳುವುದನ್ನು ಕಡಿಮೆ ಮಾಡಿದನು. ರಾತ್ರಿ ಹೊತ್ತು ನಕ್ಷತ್ರ ನೋಡುವ ಕೆಲಸ ಮಾತ್ರ ನಿಲ್ಲಲಿಲ್ಲ. ಏಪ್ರಿಲ್‌ನಲ್ಲಿ ಲಡಾಖಿ ತಂಡದೊಡನೆ ಹೊರಟು ಮಾನಸಸರೋವರದ ಮಾರ್ಗವಾಗಿ ಆ ವರ್ಷವೇ ಡೆಹರಾಡೂನಿಗೆ ಮರಳಿದನು. ಸುಮಾರು 1,200 ಮೈಲಿ ದಾರಿ, ಸುಮಾರು 25 ಲಕ್ಷ ಹೆಜ್ಜೆ. ಲಾಸಾ ನಗರದ ಅಕ್ಷಾಂಶವನ್ನು ಅವನು ನಿರ್ಧರಿಸಿದ್ದು ಇಂದಿನ ಲೆಕ್ಕಕ್ಕೆ ಬಹುತೇಕ ಹೊಂದುತ್ತದೆ.

ಈ ಪ್ರಯಾಣದ ವರದಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯಲ್ಲಿ ಮಂಡನೆಯಾಯಿತು. ಬರೆದವನು ಮಾಂಟ್‌ಗೊಮೆರಿ. ನಡೆದವನು ಅದರಲ್ಲಿ ಹೆಸರಿಲ್ಲದ ಪಂಡಿತ ಮಾತ್ರ. ಮುಂದೆಯೂ ಹೋಗಬೇಕಾದವನ ಪ್ರಾಣರಕ್ಷಣೆಗೆ ಈ ಮರೆಮಾಚುವಿಕೆ ಅಗತ್ಯವಾಗಿತ್ತೆಂಬುದನ್ನು ಒಪ್ಪಬೇಕು. ಆದರೂ ಅನುಭವ ಒಬ್ಬನದು, ಕರ್ತೃತ್ವ ಇನ್ನೊಬ್ಬನದು ಎಂಬ ಏರ್ಪಾಟು ಪ್ರಾಣರಕ್ಷಣೆಗಷ್ಟೇ ಸೀಮಿತವಾಗಿ ಉಳಿಯಲಿಲ್ಲ. ಸರಣಿಯ ಮುಂದಿನ ಪ್ರಯಾಣಿಕರೂ ಅಕ್ಷರಗಳಾದರು; ನೈನ್ ಸಿಂಗನ ಬಂಧುವಾದ ಕಿಶನ್ ಸಿಂಗ್ ದೀರ್ಘಕಾಲ 'ಎ.ಕೆ.' ಎಂಬ ಎರಡಕ್ಷರವಾಗಿಯೇ ಭೂಗೋಳ ಗ್ರಂಥಗಳಲ್ಲಿ ಉಳಿದನು.

1867ರಲ್ಲಿ ಪಶ್ಚಿಮ ಟಿಬೆಟ್ಟಿನ ಥೋಕ್ ಜಾಲುಂಗ್ ಚಿನ್ನದ ಗಣಿಗಳಿಗೆ ಪಂಡಿತರ ತಂಡ ಹೋಗಿಬಂತು. ಹದಿನಾರು ಸಾವಿರ ಅಡಿಗೂ ಮೀರಿದ ಆ ಬಯಲಿನಲ್ಲಿ ಗಾಳಿಯ ಹೊಡೆತಕ್ಕೆ ಹೆದರಿ ಗಣಿಯವರು ನೆಲವನ್ನು ಅಗೆದು ಅದರೊಳಗೆ ಡೇರೆ ಹಾಕಿಕೊಂಡು ಬದುಕುತ್ತಿದ್ದರು. 1873ರಲ್ಲಿ ಫೋರ್ಸಿತ್‌ನ ಯಾರ್ಕಂದ್ ನಿಯೋಗಕ್ಕೆ ನೈನ್ ಸಿಂಗನನ್ನು ಸೇರಿಸಲಾಯಿತು. ಕಾಷ್ಗರವನ್ನು ಆಳುತ್ತಿದ್ದ ಯಾಕೂಬ್ ಬೇಗನೊಡನೆ ರಷ್ಯಾ 1872ರಲ್ಲಿ ವ್ಯಾಪಾರದ ಒಪ್ಪಂದ ಮಾಡಿಕೊಂಡಿತ್ತು. 1874ರಲ್ಲಿ ಬ್ರಿಟಿಷರೂ ಮಾಡಿಕೊಂಡರು. ಇಬ್ಬರಿಂದಲೂ ಮನ್ನಣೆ ಪಡೆದ ಯಾಕೂಬ್ ಬೇಗ್ 1877ರಲ್ಲಿ ಸತ್ತನು, ಚಿಂಗ್ ಸೇನೆ ಅವನ ರಾಜ್ಯವನ್ನು ನುಂಗಿತು. ಎರಡು ಸಾಮ್ರಾಜ್ಯಗಳ ಸ್ನೇಹದಲ್ಲಿ ಒಂದೂ ನೆರವಿಗೆ ಬರಲಿಲ್ಲ.

ಕೊನೆಯ ಪ್ರಯಾಣವೇ ಅತಿ ದೀರ್ಘವಾದುದು. 1874ರ ಜುಲೈನಲ್ಲಿ ಲಾಮಾನ ವೇಷದಲ್ಲಿ, ಕುರಿಗಳ ಬೆನ್ನ ಮೇಲೆ ಹೊರೆ ಹೇರಿಕೊಂಡು ನೈನ್ ಸಿಂಗ್ ಲೇಹ್‌ನಿಂದ ಹೊರಟನು. ಅದುವರೆಗೆ ಯಾವ ಸರ್ವೇಕ್ಷಕನೂ ಕಾಣದ ಉತ್ತರದ ಪ್ರಸ್ಥಭೂಮಿಯ ಸರೋವರಗಳನ್ನು ಗುರುತಿಸುತ್ತ ನವೆಂಬರ್‌ನಲ್ಲಿ ಲಾಸಾ ತಲುಪಿದನು. ಗುರುತು ಸಿಕ್ಕುವ ಭಯದಿಂದ ಅಲ್ಲಿ ಎರಡು ದಿನಗಳಷ್ಟೇ ನಿಂತು, ಅದುವರೆಗಿನ ದಾಖಲೆಗಳನ್ನು ನಂಬಿಕೆಯ ಆಳುಗಳ ಕೈಯಲ್ಲಿ ಲೇಹ್‌ಗೆ ಕಳುಹಿಸಿ ತಾನು ದಕ್ಷಿಣಕ್ಕೆ ತಿರುಗಿದನು. ತವಾಂಗ್‌ನಲ್ಲಿ ಅವನನ್ನು ಡಿಸೆಂಬರ್ ಕೊನೆಯಿಂದ ಫೆಬ್ರವರಿ ನಡುವಿನವರೆಗೆ ತಡೆಹಿಡಿಯಲಾಯಿತು. 1875ರ ಮಾರ್ಚ್ 1ರಂದು ಅಸ್ಸಾಮಿನ ಉದಾಲಗುಡಿಗೆ ಬಂದಿಳಿದಾಗ ಅಳೆದ ದಾರಿ 1,400 ಮೈಲಿ ಮೀರಿತ್ತು. ಆರೋಗ್ಯ ಕೆಟ್ಟಿತ್ತು, ದೃಷ್ಟಿ ಕುಂದಿತ್ತು. ಆಮೇಲಿನ ಕೆಲಸ ಕಿರಿಯರಿಗೆ ಈ ವಿದ್ಯೆಯನ್ನು ಕಲಿಸುವುದಾಯಿತು.

ಅವನ ಹೆಸರು ಬೆಳಕಿಗೆ ಬಂದುದು ಇನ್ನು ಅವನು ನಡೆಯಲಾರನೆಂಬುದು ಖಚಿತವಾದ ಮೇಲೆ. 1877ರಲ್ಲಿ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಚಿನ್ನದ ಪದಕ ನೀಡಿತು, ಸರ್ಕಾರ ಸಿ.ಐ.ಇ. ಗೌರವವನ್ನೂ ರೋಹಿಲ್‌ಖಂಡದ ಗ್ರಾಮವೊಂದರ ಆದಾಯವನ್ನೂ ಕೊಟ್ಟಿತು. ಸಾವಿನ ವರ್ಷವಾಗಿ ಹಳೆಯ ಇಂಗ್ಲಿಷ್ ಬರಹಗಳು 1882 ಎನ್ನುತ್ತವೆ, ಬೇರೆ ಮೂಲಗಳು 1895 ಎನ್ನುತ್ತವೆ. ಅವನ ಒಂದೊಂದು ಹೆಜ್ಜೆಯನ್ನೂ ಲೆಕ್ಕವಿಟ್ಟ ವ್ಯವಸ್ಥೆಯೊಂದರ ಸುತ್ತ ಹದಿಮೂರು ವರ್ಷಗಳ ಈ ಅಂತರ ಉಳಿದುಕೊಂಡಿದೆ.

ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಮುಖವಿದೆ. ನೈನ್ ಸಿಂಗ್ ಬರಹಗಾರನೂ ಆಗಿದ್ದನು. ಭೂಮಾಪನ ವಿದ್ಯೆಯನ್ನು ಕುರಿತು 'ಅಕ್ಷಾಂಶ ದರ್ಪಣ' (1871) ಎಂಬ ಹಿಂದಿ ಕೃತಿಯನ್ನು ರಚಿಸಿದನು. ದಿನಚರಿಗಳನ್ನೂ ಹಿಂದಿಯಲ್ಲಿಯೇ ಬರೆದನು. ಇಂಗ್ಲಿಷ್ ವರದಿಗಳು ಅಂತರ, ಎತ್ತರ, ಅಕ್ಷಾಂಶಗಳನ್ನು ಆ ಬರಹದಿಂದ ಸೋಸಿಕೊಂಡವು. ಉಳಿದುದನ್ನು ಓದುವ ಅವಕಾಶ ವ್ಯಾಪಕವಾಗಿ ದೊರೆತದ್ದು ಉಮಾ ಭಟ್ಟ ಮತ್ತು ಶೇಖರ್ ಪಾಠಕ್ ಸಿದ್ಧಪಡಿಸಿದ 'ಏಷಿಯಾ ಕೀ ಪೀಠ್ ಪರ್' ಗ್ರಂಥ 2006ರಲ್ಲಿ ಬಂದಾಗ. ನೈನ್ ಸಿಂಗನನ್ನು ಸಾಮ್ರಾಜ್ಯದ ಗೂಢಚಾರನೆಂದು ತಳ್ಳಿಹಾಕುವ ಅಥವಾ ರಾಷ್ಟ್ರದ ಮಹಾನ್ ಅನ್ವೇಷಕನೆಂದು ಎತ್ತಿ ಹಿಡಿಯುವ ಎರಡೂ ಓದುಗಳು ಇಂಗ್ಲಿಷ್ ವರದಿಯ ಚೌಕಟ್ಟನ್ನೇ ನೆಚ್ಚಿಕೊಂಡಿವೆ. ಗಡಿಯಾಚೆಗೂ ಈಚೆಗೂ ಸಮಾನವಾಗಿ ಸೇರಿದ್ದ ಸಮುದಾಯವೊಂದರ ವ್ಯಕ್ತಿಗೆ ಈ ಎರಡೂ ಪದಗಳು ಪೂರ್ತಿ ಒಗ್ಗುವುದಿಲ್ಲ.

ಅಳತೆಗಳು ಮಾತ್ರ ತಮ್ಮ ದಾರಿಯಲ್ಲಿ ಮುಂದುವರಿದವು. 1903-04ರಲ್ಲಿ ಯಂಗ್‌ಹಸ್ಬೆಂಡ್‌ನ ಸೇನೆ ಲಾಸಾ ಪ್ರವೇಶಿಸಿತು. 1907ರ ಒಪ್ಪಂದದಲ್ಲಿ ಬ್ರಿಟನ್ ಮತ್ತು ರಷ್ಯಾ ಟಿಬೆಟ್ಟನ್ನು ಕೇಳದೆಯೇ ಅದರ ಒಳಾಡಳಿತದಲ್ಲಿ ಕೈಹಾಕದಿರಲು ಒಪ್ಪಿದವು. 1914ರ ಸಿಮ್ಲಾ ಮಾತುಕತೆಯ ವೇಳೆ ಎಳೆದ ಮ್ಯಾಕ್‌ಮಹೋನ್ ರೇಖೆ ತವಾಂಗ್‌ನ ಉತ್ತರಕ್ಕೆ ಹಾದುಹೋಯಿತು. 1951ರಲ್ಲಿ ಭಾರತದ ಆಡಳಿತ ಅಲ್ಲಿ ನೆಲೆಗೊಂಡಿತು. ನೈನ್ ಸಿಂಗ್ ಕುರಿಗಳೊಡನೆ ಇಳಿದುಬಂದಿದ್ದ ಆ ಸೀಮೆಯಲ್ಲಿಯೇ 1962ರ ಯುದ್ಧ ನಡೆಯಿತು.

ಆ ಯುದ್ಧದೊಂದಿಗೆ ಜೋಹಾರದ ಕಣಿವೆದಾರಿಗಳು ವ್ಯಾಪಾರಕ್ಕೆ ಮುಚ್ಚಿಹೋದವು. ಬದುಕಿಗೆ ಆಧಾರವಿಲ್ಲದೆ ಮಿಲಂನ ಕುಟುಂಬಗಳು ಕೆಳಗಿನ ಊರುಗಳಿಗೆ ವಲಸೆ ಹೋದವು. 2004ರಲ್ಲಿ ನೈನ್ ಸಿಂಗನ ಭಾವಚಿತ್ರವುಳ್ಳ ಅಂಚೆಚೀಟಿಯನ್ನು ಭಾರತ ಸರ್ಕಾರ ಹೊರತಂದಾಗ ಅವನ ಹುಟ್ಟೂರಿನ ಬಹುಪಾಲು ಕಲ್ಲಿನ ಮನೆಗಳು ಮಾಡು ಕುಸಿದು ನಿಂತಿದ್ದವು. ಬೇಸಿಗೆಯಲ್ಲಿ ಕೆಲವೇ ಕುಟುಂಬಗಳು ಅಲ್ಲಿಗೆ ಬಂದು, ಹಿಮ ಬೀಳುವ ಮೊದಲು ಇಳಿದು ಹೋಗುತ್ತವೆ.