ಕಪ್ಪು ಪಟ್ಟಿಯನ್ನು ಅಳೆದ ಕ್ರೂಕ್ಸ್

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಗುರುಗಳು ಫೋನ್ ಮಾಡಿದಾಗ ನನ್ನ ಸಾಫ್ಟ್‌ವೇರ್ ಕೆಲಸದ ಬಗ್ಗೆ ಬರೆಯಲು ಮನಸ್ಸಾಗಲಿಲ್ಲ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ನಾವೆಲ್ಲ ಪರಮಾಣುವಿನ ಪಾಠ ಓದುವಾಗ ಎಲೆಕ್ಟ್ರಾನಿನ ಜೊತೆಗೆ ಥಾಮ್ಸನ್ನರ ಹೆಸರು ಬಾಯಿಪಾಠ ಮಾಡಿದವರು. ಅವರಿಗಿಂತ ಮೊದಲು ಅಂಥದೇ ಗಾಜಿನ ನಳಿಗೆಯ ಮುಂದೆ ವರ್ಷಗಟ್ಟಲೆ ಕುಳಿತವರು ಸರ್ ವಿಲಿಯಂ ಕ್ರೂಕ್ಸ್. ಅವರನ್ನು ಕಿರಿಯರಿಗೆ ಪರಿಚಯಿಸಬೇಕೆನಿಸಿತು.

ಕ್ರೂಕ್ಸ್ ಹುಟ್ಟಿದ್ದು 1832ರ ಜೂನ್ 17ರಂದು, ಲಂಡನ್ನಿನ ಒಬ್ಬ ಸಿಂಪಿಗರ ಮನೆಯಲ್ಲಿ. ಬಡತನವೇನೂ ಇರಲಿಲ್ಲ, ತಂದೆಯ ಅಂಗಡಿ ಚೆನ್ನಾಗಿ ನಡೆಯುತ್ತಿತ್ತು. ಆದರೆ ಮನೆಯಲ್ಲಿ ವಿಜ್ಞಾನ ಓದಿದವರಿರಲಿಲ್ಲ. 1848ರಲ್ಲಿ ರಾಯಲ್ ಕಾಲೇಜ್ ಆಫ್ ಕೆಮಿಸ್ಟ್ರಿ ಸೇರಿ, ಹಾಫ್‌ಮನ್ ಎಂಬ ಗುರುಗಳ ಕೈಕೆಳಗೆ ಕಲಿತು, ಅವರಿಗೇ ಸಹಾಯಕರಾದರು. ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹುದ್ದೆ ಅವರಿಗೆ ಎಂದೂ ಸಿಗಲಿಲ್ಲ. 1859ರಲ್ಲಿ ಕೆಮಿಕಲ್ ನ್ಯೂಸ್ ಎಂಬ ಪತ್ರಿಕೆ ಆರಂಭಿಸಿ, ಅದನ್ನು ನಡೆಸುತ್ತ, ಮನೆಯಲ್ಲೇ ಪ್ರಯೋಗಶಾಲೆ ಇಟ್ಟುಕೊಂಡು ಕೆಲಸ ಮಾಡಿದರು. ಸಂಸಾರವೂ ದೊಡ್ಡದಾಗಿತ್ತು.

1861ರಲ್ಲಿ ಗಂಧಕಾಮ್ಲದ ಕಾರ್ಖಾನೆಯ ಕಸುವಿನಲ್ಲಿ ಹೊಸದೊಂದು ಹಸಿರು ರೇಖೆಯನ್ನು ರೋಹಿತದರ್ಶಕದಲ್ಲಿ ಕಂಡು, ಥ್ಯಾಲಿಯಂ ಎಂಬ ಧಾತುವನ್ನು ಗುರುತಿಸಿದರು. ಎರಡು ವರ್ಷಕ್ಕೆ ರಾಯಲ್ ಸೊಸೈಟಿಯ ಸದಸ್ಯತ್ವ ಸಿಕ್ಕಿತು. ಆ ಥ್ಯಾಲಿಯಂನ ಪರಮಾಣು ತೂಕವನ್ನು ನಿರ್ವಾತದಲ್ಲಿ ತೂಗಲು ಹೋದಾಗ ತಕ್ಕಡಿ ಬಿಸಿ ವಸ್ತುವಿಗೆ ವಿಚಿತ್ರವಾಗಿ ಅಲುಗಿತು. ಬೇರೆಯವರಾಗಿದ್ದರೆ ತಕ್ಕಡಿಯನ್ನು ಬೈದು ಸುಮ್ಮನಾಗುತ್ತಿದ್ದರು. ಕ್ರೂಕ್ಸ್ ಅದರ ಬೆನ್ನು ಹತ್ತಿ ರೇಡಿಯೋಮೀಟರ್ ಮಾಡಿದರು: ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಬೆಳಕು ಬಿದ್ದರೆ ತಿರುಗುವ ನಾಲ್ಕು ರೆಕ್ಕೆಗಳು. ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರ ನೋಡಿದ ನಮ್ಮ ಮಕ್ಕಳಿಗೆ ಇದು ಥಟ್ಟನೆ ಹಿಡಿಸುತ್ತದೆ. ಬೆಳಕೇ ರೆಕ್ಕೆಯನ್ನು ನೂಕುತ್ತದೆ ಎಂದು ಅವರು ಮೊದಲು ತಿಳಿದರು. ನಿಜದಲ್ಲಿ ನೂಕುತ್ತಿದ್ದುದು ಒಳಗೆ ಉಳಿದಿದ್ದ ಚೂರುಪಾರು ಗಾಳಿ. ಆ ಉಳಿಕೆ ಗಾಳಿಯ ಬಗೆಗಿನ ಕುತೂಹಲವೇ ಅವರನ್ನು ವಿದ್ಯುತ್ ನಳಿಗೆಗೆ ಕರೆತಂದಿತು.

ನಳಿಗೆಯ ಎರಡು ತುದಿಗೆ ಲೋಹದ ಅಗ್ರಗಳನ್ನಿಟ್ಟು, ಗಾಳಿಯನ್ನು ಬಹುಪಾಲು ತೆಗೆದು, ಹೆಚ್ಚು ವೋಲ್ಟೇಜ್ ಕೊಟ್ಟರೆ ಒಳಗೆಲ್ಲ ಬೆಳಕು ತುಂಬುತ್ತದೆ. ಆದರೆ ಅದು ಒಂದೇ ಸಮನಾಗಿರುವುದಿಲ್ಲ. ಋಣಾಗ್ರದ, ಅಂದರೆ ಕ್ಯಾಥೋಡಿನ, ಮುಂದೆ ಒಂದು ಕಪ್ಪು ಪಟ್ಟಿ, ಆಮೇಲೆ ಬೆಳಕು, ಮತ್ತೆ ಇನ್ನೊಂದು ಕಪ್ಪು, ಆಮೇಲೆ ಧನಾಗ್ರದವರೆಗೆ ಉದ್ದನೆಯ ಬೆಳಕು. ಎರಡನೆಯ ಕಪ್ಪನ್ನು 1838ರಲ್ಲೇ ಫ್ಯಾರಡೆ ಗುರುತಿಸಿದ್ದರು. ಮೊದಲನೆಯದನ್ನು ಜರ್ಮನಿಯ ಹಿಟಾರ್ಫ್ ಮೊದಲಾದವರೂ ಕಂಡಿದ್ದರು, ಆದರೆ ಅದನ್ನು ಪಟ್ಟು ಹಿಡಿದು ಅಳೆದವರು ಕ್ರೂಕ್ಸ್. ಅವರ ಸಹಾಯಕ ಚಾರ್ಲ್ಸ್ ಗಿಮಿಂಗ್‌ಹ್ಯಾಮ್ ಪಾದರಸದ ಪಂಪನ್ನು ಸುಧಾರಿಸಿಕೊಟ್ಟಿದ್ದರು. ಗಾಳಿ ತೆಗೆದಷ್ಟೂ ಕಪ್ಪು ಪಟ್ಟಿ ಅಗಲವಾಗುತ್ತ ಹೋಯಿತು. ಕೊನೆಗೆ ಇಡೀ ನಳಿಗೆಯನ್ನೇ ತುಂಬಿತು, ಆಗ ಎದುರಿನ ಗಾಜು ಹಸಿರಾಗಿ ಹೊಳೆಯಿತು. ನಡುವೆ ಲೋಹದ ಶಿಲುಬೆ ಇಟ್ಟರೆ ಗಾಜಿನ ಮೇಲೆ ಅದರ ನೆರಳು ಬಿತ್ತು. 1879ರ ಆಗಸ್ಟ್‌ನಲ್ಲಿ ಶೆಫೀಲ್ಡ್‌ನ ಸಭೆಯಲ್ಲಿ ಇದನ್ನೆಲ್ಲ ಜನರ ಮುಂದೆ ಮಾಡಿ ತೋರಿಸಿದರು.

ಕ್ಯಾಥೋಡಿನಿಂದ ಹೊರಡುವುದು ವಸ್ತುವಿನ ಕಣಗಳೇ ಎಂದು ಅವರು ವಾದಿಸಿದರು. ಹರ್ಟ್ಸ್‌ರಂಥ ಜರ್ಮನ್ ವಿಜ್ಞಾನಿಗಳು ಅದು ಅಲೆ ಎಂದರು. ಕ್ರೂಕ್ಸ್ ಹೇಳಿದ ಕಣ ಅನಿಲದ ಅಣು. ಒಂದು ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯದೆ ಓಡುವ ದೂರವೇ ಕಪ್ಪು ಪಟ್ಟಿಯ ಅಗಲ ಎಂದು ಅವರ ಲೆಕ್ಕ. ಆ ಲೆಕ್ಕ ನಿಲ್ಲಲಿಲ್ಲ. 1897ರಲ್ಲಿ ಥಾಮ್ಸನ್ ಕಂಡದ್ದು ಅಣುವಿಗಿಂತ ಎಷ್ಟೋ ಹಗುರಾದ ಎಲೆಕ್ಟ್ರಾನ್. ಕಣ ಎಂಬ ಮಾತು ಮಾತ್ರ ನಿಂತಿತು. ಕಪ್ಪು ಪಟ್ಟಿ ಖಾಲಿ ಜಾಗವಲ್ಲ ಎಂದು ಈಗ ನಮಗೆ ಗೊತ್ತು. ನಳಿಗೆಗೆ ಕೊಟ್ಟ ವೋಲ್ಟೇಜಿನ ದೊಡ್ಡ ಪಾಲು ಇಳಿಯುವುದು ಅಲ್ಲೇ. ಎಲೆಕ್ಟ್ರಾನುಗಳು ವೇಗ ಪಡೆಯುವುದು ಅಲ್ಲೇ, ಬೆಳಕು ಕಾಣುವುದು ಮುಂದಿನ ಪಟ್ಟಿಯಲ್ಲಿ. (ನನ್ನ ಕೆಲಸದಲ್ಲೂ ಪರದೆಯ ಮೇಲೆ ಏನೂ ಮೂಡದ ಹೊತ್ತಿನಲ್ಲೇ ಯಂತ್ರ ಹೆಚ್ಚು ದುಡಿಯುತ್ತಿರುತ್ತದೆ.) ಕ್ಯಾಥೋಡಿಗೆ ಅಂಟಿಕೊಂಡೇ ಇನ್ನೂ ತೆಳುವಾದ ಒಂದು ಕಪ್ಪು ಇದೆ. ಅದನ್ನು ಕಂಡವರು ಆಸ್ಟನ್, ಹಾಗಾಗಿ ಅದಕ್ಕೆ ಅವರ ಹೆಸರು.

ಕ್ರೂಕ್ಸ್‌ರ ಬದುಕಿನ ಒಂದು ಸಂಗತಿಯನ್ನು ಮುಚ್ಚಿಟ್ಟು ಬರೆಯಲು ನನಗೆ ಇಷ್ಟವಿಲ್ಲ. 1867ರಲ್ಲಿ ತಮ್ಮ ಫಿಲಿಪ್ ಹಳದಿ ಜ್ವರದಿಂದ ತೀರಿಕೊಂಡ. ಆ ಬಳಿಕ ಅವರು ಸತ್ತವರೊಡನೆ ಮಾತಾಡಿಸುವವರ ಬೈಠಕ್ಕುಗಳಿಗೆ ಹೋಗತೊಡಗಿದರು. ಅಂಥವರನ್ನು ಮನೆಗೂ ಕರೆಸಿ ಪರೀಕ್ಷಿಸಿ, ಅವರ ಶಕ್ತಿ ನಿಜವೆಂದು ಬರೆದರು. ಸಹವಿಜ್ಞಾನಿಗಳು ನಕ್ಕರು. ಅವರು ಮೋಸಹೋದರೆಂದೇ ನನ್ನ ಅಭಿಪ್ರಾಯ. ಗಾಜಿನ ನಳಿಗೆಗೆ ನಮ್ಮನ್ನು ವಂಚಿಸುವ ಉದ್ದೇಶ ಇರುವುದಿಲ್ಲ, ಮನುಷ್ಯರಿಗೆ ಇರಬಹುದು. ಆದರೆ ತಮ್ಮನನ್ನು ಕಳೆದುಕೊಂಡವರ ಸಂಕಟವನ್ನು ನಗುವ ಮನಸ್ಸೂ ಆಗುವುದಿಲ್ಲ.

ನಮ್ಮ ಉತ್ತರ ಕರ್ನಾಟಕಕ್ಕೂ ಅವರಿಗೂ ಒಂದು ಎಳೆಯ ನಂಟಿದೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಜಾನ್ ಹರ್ಷೆಲ್ ಎಂಬ ಸೇನಾಧಿಕಾರಿ ರೋಹಿತದರ್ಶಕದಿಂದ ನೋಡಿದ್ದು ಜಮಖಂಡಿಯಲ್ಲಿ. ಆ ಗ್ರಹಣದಲ್ಲಿ ಗಮನಕ್ಕೆ ಬಂದ ಹಳದಿ ರೇಖೆ ಸೋಡಿಯಂನದಲ್ಲ, ಹೀಲಿಯಂ ಎಂಬ ಹೊಸ ಧಾತುವಿನದು ಎಂಬ ಮಾತು ಆಮೇಲೆ ಹುಟ್ಟಿತು. 1895ರಲ್ಲಿ ರ‍್ಯಾಮ್ಸೆ ಒಂದು ಖನಿಜದಿಂದ ಹೊರಬಂದ ಅನಿಲವನ್ನು ನಳಿಗೆಯಲ್ಲಿ ತುಂಬಿ ಕ್ರೂಕ್ಸ್‌ರಿಗೆ ಕಳಿಸಿದರು. ಆ ಬೆಳಕನ್ನು ಅಳೆದು, ಇದೇ ಸೂರ್ಯನ ಹೀಲಿಯಂ ಎಂದು ಖಚಿತಪಡಿಸಿದವರು ಅವರು.

1898ರಲ್ಲಿ ಬ್ರಿಸ್ಟಲ್‌ನ ಸಭೆಯಲ್ಲಿ ಅವರು ಮಾತಾಡಿದ್ದು ಗೋಧಿಯ ಬಗ್ಗೆ. ಗಾಳಿಯ ಸಾರಜನಕವನ್ನು ಗೊಬ್ಬರ ಮಾಡಲು ಕಲಿಯದಿದ್ದರೆ ಗೋಧಿ ಸಾಲದೇ ಹೋಗುತ್ತದೆ ಎಂದು ಎಚ್ಚರಿಸಿದರು. ಇಂದು ನಮ್ಮ ಎರೆಹೊಲಗಳಿಗೆ ಬರುವ ಯೂರಿಯಾ ಚೀಲದ ಸಾರಜನಕ ಬರುವುದು ಗಾಳಿಯಿಂದಲೇ. 1913ರಿಂದ 1915ರವರೆಗೆ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದರು. ಎಂಬತ್ತು ದಾಟಿದ ಆ ವಯಸ್ಸಿನಲ್ಲೂ, ಕುಲುಮೆಯ ಮುಂದೆ ಕಣ್ಣು ಕಳೆದುಕೊಳ್ಳುತ್ತಿದ್ದ ಗಾಜಿನ ಕೆಲಸಗಾರರಿಗಾಗಿ ಬಗೆಬಗೆಯ ಗಾಜು ಕಾಯಿಸಿ ಪರೀಕ್ಷಿಸುತ್ತಿದ್ದರು. ಅದರಿಂದ ಬಂದ ಕನ್ನಡಕದ ಗಾಜಿಗೂ ಕ್ರೂಕ್ಸ್ ಎಂದೇ ಹೆಸರಾಯಿತು. 1919ರ ಏಪ್ರಿಲ್ 4ರಂದು ಲಂಡನ್ನಿನಲ್ಲಿ ತೀರಿಕೊಂಡರು.