ವೈಮಾನಿಕನಾದ ನಟ

ಅಮೆರಿಕದ ಚಿತ್ರನಟ ಜೇಮ್ಸ್ ಸ್ಟೂವರ್ಟನ ಹೆಸರನ್ನು ಹಾಲಿವುಡ್ ಚಿತ್ರಗಳ ಪರಿಚಯವುಳ್ಳವರೆಲ್ಲ ಬಲ್ಲರು. ಹಿಚ್‌ಕಾಕನ ‘ರಿಯರ್ ವಿಂಡೋ’, ‘ವರ್ಟಿಗೋ’ ಚಿತ್ರಗಳಲ್ಲಿ ಆ ನೀಳಕಾಯವನ್ನು ಕಂಡವರು, ತಡೆತಡೆದು ಬರುವ ಆ ಮಾತನ್ನು ಕೇಳಿದವರು ಅವನನ್ನು ಸುಲಭವಾಗಿ ಮರೆಯಲಾರರು. ಇಂಥ ಮನುಷ್ಯನ ಬಾಳಿನಲ್ಲಿ ನಾಲ್ಕು ವರ್ಷಗಳ ಕಾಲಾವಧಿಯೊಂದಿತ್ತು. ಅದು ತೆರೆಯ ಮೇಲೆ ಬಾರದಂತೆ ಅವನೇ ಕಾವಲು ಕಾಯ್ದನು. ನನ್ನ ಮನಸ್ಸನ್ನು ಈ ನಟನತ್ತ ಸೆಳೆದುದು ಅವನ ಅಭಿನಯಕ್ಕಿಂತ ಹೆಚ್ಚಾಗಿ ಆ ನಾಲ್ಕು ವರ್ಷಗಳು, ಮತ್ತು ಅವುಗಳ ವಿಷಯದಲ್ಲಿ ಅವನು ತಾಳಿದ ಮೌನ.

ಸ್ಟೂವರ್ಟ್ ಹುಟ್ಟಿದುದು 1908ರ ಮೇ 20ರಂದು, ಪೆನ್ಸಿಲ್ವೇನಿಯಾ ಸಂಸ್ಥಾನದ ಇಂಡಿಯಾನಾ ಎಂಬ ಸಣ್ಣ ಊರಿನಲ್ಲಿ. ತಂದೆ ಅಲೆಕ್ಸಾಂಡರನದು ಕಬ್ಬಿಣದ ಸಾಮಾನಿನ ಅಂಗಡಿ. ಅಜ್ಜ ಅಮೆರಿಕದ ಅಂತರ್ಯುದ್ಧದಲ್ಲಿ ಕಾದಾಡಿದವನು. ತಂದೆ ಎರಡು ಯುದ್ಧಗಳಿಗೆ ಹೋಗಿಬಂದವನು. ದೇಶ ಕರೆದಾಗ ಹೊರಡುವುದು ಆ ಮನೆಯಲ್ಲಿ ಚರ್ಚೆಯ ವಿಷಯವಾಗಿರಲಿಲ್ಲ. ಹುಡುಗನಿಗೆ ಆಟಿಕೆಯ ವಿಮಾನ ಕಟ್ಟುವ ಗೀಳು. ಪ್ರಿನ್ಸ್‌ಟನ್ನಿನಲ್ಲಿ ವಾಸ್ತುಶಿಲ್ಪ ಕಲಿತು 1932ರಲ್ಲಿ ಪದವೀಧರನಾದನು. ಆದರೆ ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಕಟ್ಟಿಸುವವರೇ ಇಲ್ಲದಾಗ ವಾಸ್ತುಶಿಲ್ಪಿಗೆ ಕೆಲಸವೆಲ್ಲಿ? ಗೆಳೆಯರ ನಾಟಕ ಮಂಡಳಿಯನ್ನು ಸೇರಿ, ನ್ಯೂಯಾರ್ಕಿನಲ್ಲಿ ಹೆನ್ರಿ ಫಾಂಡನೊಡನೆ ಕೊಠಡಿ ಹಂಚಿಕೊಂಡು ದಿನ ನೂಕಿದನು. 1935ರಲ್ಲಿ ಎಂ.ಜಿ.ಎಂ. ಸಂಸ್ಥೆ ಅವನನ್ನು ಹಾಲಿವುಡ್‌ಗೆ ಕರೆಸಿಕೊಂಡಿತು. ಅದೇ ವರ್ಷ ಅವನು ವಿಮಾನ ಚಾಲನೆಯ ಪರವಾನಗಿ ಪಡೆದನು. 1938ರಲ್ಲಿ ವೃತ್ತಿಪರ ಚಾಲಕನ ಪರವಾನಗಿಯೂ ದೊರೆಯಿತು.

1939ರಲ್ಲಿ ಬಂದ ‘ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್’ ಅವನನ್ನು ದೇಶದ ಮನೆಮಾತಾಗಿಸಿತು. ‘ದಿ ಫಿಲಡೆಲ್ಫಿಯಾ ಸ್ಟೋರಿ’ಯ ಅಭಿನಯಕ್ಕಾಗಿ 1941ರ ಫೆಬ್ರವರಿಯಲ್ಲಿ ಶ್ರೇಷ್ಠ ನಟನ ಆಸ್ಕರ್ ಬಂತು. ತಂದೆ ಆ ಪುತ್ಥಳಿಯನ್ನು ತರಿಸಿಕೊಂಡು ಅಂಗಡಿಯ ಕಿಟಕಿಯಲ್ಲಿಟ್ಟನು. ಅದಾಗಿ ಒಂದು ತಿಂಗಳು ತುಂಬುವ ಮೊದಲೇ, ಮಾರ್ಚ್ 22ರಂದು, ಮಗ ಸೈನ್ಯದಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿದನು.

ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಪರ್ಲ್ ಹಾರ್ಬರಿನ ಮೇಲೆ ದಾಳಿ ನಡೆದುದು ಎಂಟು ತಿಂಗಳಾದ ಮೇಲೆ. ಹಿಂದಿನ ವರ್ಷವೇ ಸೈನ್ಯದಿಂದ ಕರೆ ಬಂದಿತ್ತು. ಆರಡಿ ಮೂರಂಗುಲದ ಆ ದೇಹದ ತೂಕ ಸಾಲದೆಂದು ವೈದ್ಯರು ಹಿಂದಕ್ಕೆ ಕಳಿಸಿದ್ದರು. ಮನೆಯಲ್ಲಿ ನಿಶ್ಚಿಂತೆಯಿಂದ ಉಳಿಯಲು ಅದಕ್ಕಿಂತ ಗೌರವದ ನೆಪ ಬೇಕಿರಲಿಲ್ಲ. ಅವನು ಮೈ ತುಂಬಿಸಿಕೊಳ್ಳಲು ಹೆಣಗಿ, ಮರುಪರೀಕ್ಷೆ ಬೇಡಿ, ಸೈನ್ಯದೊಳಕ್ಕೆ ಹೋದನು. ಸಾವಿರಗಳ ಲೆಕ್ಕದಲ್ಲಿ ಸಂಬಳ ಎಣಿಸುತ್ತಿದ್ದವನಿಗೆ ಈಗ ತಿಂಗಳಿಗೆ 21 ಡಾಲರು.

ಸೈನ್ಯ ಸೇರುವುದಕ್ಕಿಂತ ರಣರಂಗ ಸೇರುವುದು ಕಷ್ಟವಾಯಿತು. ಹೆಸರಾಂತ ನಟನನ್ನು ಸಾವಿನ ಬಾಯಿಗೆ ನೂಕುವುದಕ್ಕಿಂತ ಪ್ರಚಾರಕ್ಕೆ ಬಳಸಿಕೊಳ್ಳುವುದು ಲಾಭವೆಂದು ಮೇಲಧಿಕಾರಿಗಳು ಎಣಿಸಿದರೆ ಆಶ್ಚರ್ಯವಿಲ್ಲ. 1942ರಲ್ಲಿ ಅವನು ‘ವಿನ್ನಿಂಗ್ ಯುವರ್ ವಿಂಗ್ಸ್’ ಎಂಬ ಕಿರುಚಿತ್ರದಲ್ಲಿ ಕಾಣಿಸಿಕೊಂಡು ತರುಣರನ್ನು ವಾಯುಪಡೆಗೆ ಕರೆದನು. ಬಳಿಕ ಆಲ್ಬುಕರ್ಕ್, ಬಾಯ್ಸಿ ನಗರಗಳ ವಿಮಾನ ನೆಲೆಗಳಲ್ಲಿ ಶಿಕ್ಷಕನಾದನು. ತಾನು ಕಲಿಸಿದ ಹುಡುಗರು ಯುದ್ಧಕ್ಕೆ ಹೋಗುತ್ತಿರುವಾಗ ತಾನು ಹಿಂದುಳಿಯುವುದು ಅವನಿಗೆ ಸಹ್ಯವಾಗಲಿಲ್ಲ. ಒತ್ತಾಯ ಮಾಡಿ 445ನೆಯ ಬಾಂಬರ್ ದಳಕ್ಕೆ ವರ್ಗ ಮಾಡಿಸಿಕೊಂಡು, ಅದರ ತುಕಡಿಯೊಂದರ ನಾಯಕನಾಗಿ 1943ರ ನವೆಂಬರಿನಲ್ಲಿ ಇಂಗ್ಲೆಂಡಿನ ಟಿಬೆನ್‌ಹ್ಯಾಮ್ ನೆಲೆಗೆ ಬಂದನು. ಹೊರಡುವಾಗ ತಂದೆ ಕೊಟ್ಟ ಪತ್ರವೂ ಅದರೊಡನಿದ್ದ 91ನೆಯ ಕೀರ್ತನೆಯೂ ಅವನ ಬಳಿಯಲ್ಲಿದ್ದವು.

ಅವನು ನಡೆಸಿದುದು ಬಿ-24 ಲಿಬರೇಟರ್ ಎಂಬ ನಾಲ್ಕು ಎಂಜಿನಿನ ವಿಮಾನ. ನಮಗೆ ಇದು ತೀರ ಅಪರಿಚಿತವಲ್ಲ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರುಗಳನ್ನು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ದುರಸ್ತಿ ಮಾಡಿದರು. ನಮ್ಮ ವಾಯುಪಡೆ ಅವನ್ನು 1968ರವರೆಗೂ ಬಳಸಿತು. ಒಂದೊಂದು ವಿಮಾನದಲ್ಲಿಯೂ ಹತ್ತು ಮಂದಿ. ಇಪ್ಪತ್ತು ಸಾವಿರ ಅಡಿಗೂ ಮೇಲೆ, ಕೈ ಮರಗಟ್ಟುವ ಚಳಿಯಲ್ಲಿ, ಮೂಗಿಗೆ ಆಮ್ಲಜನಕದ ಮುಖವಾಡ ಕಟ್ಟಿಕೊಂಡು ಗಂಟೆಗಟ್ಟಲೆ ಹಾರಬೇಕು. ವಿಮಾನಗಳು ಒತ್ತಾಗಿ ವ್ಯೂಹ ಕಟ್ಟಿ ಸಾಗಿದರೆ ಒಂದರ ಫಿರಂಗಿ ಇನ್ನೊಂದಕ್ಕೆ ರಕ್ಷೆ. ವ್ಯೂಹ ಬಿಟ್ಟು ಒಂಟಿಯಾದುದು ಶತ್ರುವಿಗೆ ತುತ್ತು.

ಅವನ ಮೊದಲ ದಾಳಿ 1943ರ ಡಿಸೆಂಬರ್ 13ರಂದು ಕೀಲ್ ಬಂದರಿನ ಮೇಲೆ. 1944ರ ಜನವರಿ 7ರಂದು ಲೂಡ್ವಿಗ್ಸ್‌ಹಾಫೆನ್‌ನಿಂದ ಮರಳುವಾಗ ಮುಂದಿನ ದಳ ದಾರಿ ತಪ್ಪಿ ಹೊರಟಿತು. ಸ್ಟೂವರ್ಟ್ ರೇಡಿಯೋದಲ್ಲಿ ಎಚ್ಚರಿಸಿದನು. ಆ ದಳದ ನಾಯಕ ಒಪ್ಪಲಿಲ್ಲ. ತನ್ನ ದಳವನ್ನು ಸರಿದಾರಿಯಲ್ಲಿ ಮನೆಗೊಯ್ಯಲು ಸ್ಟೂವರ್ಟನಿಗೆ ಅಧಿಕಾರವಿತ್ತು. ಹಾಗೆ ಮಾಡಿದ್ದರೆ ದಾರಿ ತಪ್ಪಿದವರು ಒಂಟಿಯಾಗುತ್ತಿದ್ದರು. ತಪ್ಪೆಂದು ತಿಳಿದೂ ಅವನು ಅವರ ಬೆನ್ನಿಗೆ ಹೋದನು. ಜರ್ಮನ್ ಕಾಳಗದ ವಿಮಾನಗಳು ಎರಗಿದುವು. ಮುಂದಿನ ನಾಯಕನ ವಿಮಾನವೇ ಉರುಳಿತು. ಸ್ಟೂವರ್ಟ್ ತನ್ನವರನ್ನು ಚದರಗೊಡದೆ ಹಿಂದಕ್ಕೆ ತಂದನು. ಸರಿಯಾದ ದಾರಿಗಿಂತ ಜೊತೆಗಾರರು ಮುಖ್ಯವೆಂಬ ಆ ನಿರ್ಧಾರದಲ್ಲಿ ಈ ಮನುಷ್ಯನ ಸ್ವಭಾವವೆಲ್ಲ ಇದೆಯೆಂದು ನಾನು ತಿಳಿದಿದ್ದೇನೆ.

ಫೆಬ್ರವರಿ 20ರಂದು ಬ್ರನ್ಸ್‌ವಿಕ್ ದಾಳಿಯ ಮುಂದಾಳಾಗಿ ಅವನು ಶೌರ್ಯಪದಕ ಪಡೆದನು. ನಾಲ್ಕು ದಿನಗಳ ಮೇಲೆ ಅವನಿಲ್ಲದೆ ಗೋಥಾದತ್ತ ಹೊರಟ ದಳದ 25 ವಿಮಾನಗಳಲ್ಲಿ 13 ಹಿಂತಿರುಗಲಿಲ್ಲ. ಬೆಳಿಗ್ಗೆ ಜೊತೆಯಲ್ಲಿ ಉಂಡವರ ಹಾಸಿಗೆಗಳು ಸಂಜೆಗೆ ಬರಿದಾದುವು. ಮರುದಿನವೇ ಅವನು ಫ್ಯೂರ್ತ್ ನಗರದ ದಾಳಿಗೆ ಮುಂದಾಳಾದನು. ವಿಮಾನವಿರೋಧಿ ಗುಂಡೊಂದು ಅವನ ವಿಮಾನದ ಹೊಟ್ಟೆಯಲ್ಲಿ ಸಿಡಿದು, ಕಾಲ ಬಳಿಯಲ್ಲಿಯೇ ರಂಧ್ರ ಬಿದ್ದು ಕೆಳಗಿನ ನೆಲ ಕಾಣಿಸಿತು. ಹೇಗೋ ಟಿಬೆನ್‌ಹ್ಯಾಮ್ ತಲಪಿದರು. ಇಳಿಯುವಾಗ ವಿಮಾನದ ಒಡಲು ಬಿರಿಯಿತು.

ಇದನ್ನು ಬರಿಯ ವೀರಗಾಥೆಯಾಗಿ ಹೇಳಲು ನನಗೆ ಮನಸ್ಸಿಲ್ಲ. ಅಷ್ಟೆತ್ತರದಿಂದ ಬಿದ್ದ ಬಾಂಬಿಗೆ ಕಾರ್ಖಾನೆ ಯಾವುದು, ಮಕ್ಕಳು ಮಲಗಿದ ಮನೆ ಯಾವುದು ಎಂಬ ವಿವೇಕವಿರಲಿಲ್ಲ. ಹಿಟ್ಲರನನ್ನು ತಡೆಯದೆ ವಿಧಿಯಿರಲಿಲ್ಲವೆಂಬುದು ದಿಟ. ಆ ಕಾರ್ಯದ ಬೆಲೆಯನ್ನು ನಿರಪರಾಧಿಗಳೂ ತೆತ್ತರೆಂಬುದು ಅಷ್ಟೇ ದಿಟ. ನಾಯಕನಾದವನಿಗೆ ತನ್ನ ಸಾವಿನ ಭಯದ ಜೊತೆಗೆ ತಾನು ಕಳಿಸಿದವರ ಸಾವಿನ ಹೊರೆಯೂ ಇತ್ತು. ಮಾರ್ಚಿಯಲ್ಲಿ ಅವನನ್ನು 453ನೆಯ ದಳದ ಕಾರ್ಯಾಚರಣಾಧಿಕಾರಿಯಾಗಿ ಓಲ್ಡ್ ಬಕೆನ್‌ಹ್ಯಾಮಿಗೆ ಕಳಿಸಿದರು. ಹಾರಲೇಬೇಕೆಂಬ ಕಟ್ಟಿಲ್ಲದಿದ್ದರೂ ಆಗಾಗ ಹಾರಿದನು. ಲೆಕ್ಕಕ್ಕೆ ಬಂದ ದಾಳಿಗಳು ಇಪ್ಪತ್ತು. ಸಿಪಾಯಿಯಾಗಿ ಸೇರಿದವನು ನಾಲ್ಕು ವರ್ಷಗಳಲ್ಲಿ, 1945ರ ಮಾರ್ಚಿಯಲ್ಲಿ, ಕರ್ನಲ್ ಆದನು.

ಯುದ್ಧದಿಂದ ಮರಳಿದವನು 1946ರಲ್ಲಿ ಫ್ರಾಂಕ್ ಕಾಪ್ರಾನ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಚಿತ್ರದಲ್ಲಿ ನಟಿಸಿದನು. ಅದರ ನಾಯಕ ಜಾರ್ಜ್ ಬೇಯ್ಲಿ ಕಿವಿಯ ದೋಷದಿಂದ ಸೈನ್ಯಕ್ಕೆ ಸಲ್ಲದೆ ಊರಿನಲ್ಲಿ ಉಳಿದವನು. ಯುದ್ಧದಲ್ಲಿ ವಿಮಾನ ನಡೆಸಿ ಕೀರ್ತಿ ತರುವವನು ಅವನ ತಮ್ಮ. ನಿಜವಾಗಿ ಹಾರಿಬಂದವನು ಹಾರಲಾರದವನ ಪಾತ್ರ ವಹಿಸಿದನು! ಆ ಜಾರ್ಜ್ ಪಾನಗೃಹವೊಂದರಲ್ಲಿ ಕುಳಿತು ದಿಕ್ಕುಗೆಟ್ಟು ಪ್ರಾರ್ಥಿಸುವ ದೃಶ್ಯದಲ್ಲಿ ಯುದ್ಧಪೂರ್ವದ ಸ್ಟೂವರ್ಟನಲ್ಲಿ ಕಾಣದ ಒಂದು ಬಳಲಿಕೆ ನನಗೆ ಕಾಣುತ್ತದೆ. ಚಿತ್ರ ಆಗ ಹಣ ತರಲಿಲ್ಲ. ಮುಂದೆ ದೂರದರ್ಶನದ ಮೂಲಕ ಕ್ರಿಸ್ಮಸ್ಸಿನ ಹಬ್ಬದಡುಗೆಯಂತೆ ಮನೆಮನೆಯನ್ನು ಸೇರಿತು.

ತನ್ನ ಯುದ್ಧಸೇವೆಯನ್ನು ಚಿತ್ರಗಳ ಜಾಹೀರಾತಿಗೆ ಬಳಸಕೂಡದೆಂದು ಅವನು ಒಪ್ಪಂದಗಳಲ್ಲಿಯೇ ಬರೆಸಿದನು. ಮೀಸಲು ಸೇನೆಯಲ್ಲಿ ಮಾತ್ರ ಮುಂದುವರಿದನು. 1957ರಲ್ಲಿ ಅವನನ್ನು ಬ್ರಿಗೇಡಿಯರ್ ಜನರಲ್ ಮಾಡಹೊರಟಾಗ, ಮೀಸಲು ಸೇವೆಯ ತರಬೇತಿ ಸಾಲದೆಂದು ಸೆನೆಟರ್ ಮಾರ್ಗರೆಟ್ ಚೇಸ್ ಸ್ಮಿತ್ ಎದುರಾದಳು. ಆ ಪದವಿ ಬಂದುದು 1959ರಲ್ಲಿ. 1968ರಲ್ಲಿ ನಿವೃತ್ತನಾದನು. ಮರುವರ್ಷ ಜೂನಿನಲ್ಲಿ, ಪತ್ನಿ ಗ್ಲೋರಿಯಾಳ ಮೊದಲ ಮದುವೆಯ ಮಗ, ಸ್ಟೂವರ್ಟ್ ತನ್ನವನಾಗಿಯೇ ಬೆಳೆಸಿದ್ದ 24 ವರ್ಷದ ತರುಣ, ವಿಯಟ್ನಾಮಿನಲ್ಲಿ ಮಡಿದನು. ತನ್ನ ತಂದೆ ಕಂಡ ಕಳವಳವನ್ನೂ, ತಂದೆಗೆ ತಪ್ಪಿದ ಶೋಕವನ್ನೂ ಅವನು ಉಂಡನು.

1973ರಲ್ಲಿ ಬ್ರಿಟಿಷ್ ದೂರದರ್ಶನದವರು ಮಹಾಯುದ್ಧವನ್ನು ಕುರಿತ ‘ದಿ ವರ್ಲ್ಡ್ ಅಟ್ ವಾರ್’ ಮಾಲೆಯನ್ನು ಹೊರತಂದಾಗ ಅದರಲ್ಲಿ ಅವನೂ ಮಾತನಾಡಿದನು. ಆದರೆ ಅವನ ಅಪೇಕ್ಷೆಯಂತೆ ತೆರೆಯ ಮೇಲೆ ಬಂದುದು ಹೆಸರು, ಮತ್ತು ತುಕಡಿಯ ನಾಯಕನೆಂಬ ಒಂದು ವಿವರ. ನಟನೆಂಬ ಮಾತು ಅಲ್ಲಿರಲಿಲ್ಲ. 1997ರ ಜುಲೈ 2ರಂದು, 89ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು. ಆಸ್ಕರ್ ಪುತ್ಥಳಿಗೆ ತಂದೆಯ ಅಂಗಡಿಯ ಕಿಟಕಿ ದೊರಕಿತ್ತು. ಸತ್ತವರ ಪಾಲೂ ಸೇರಿದ್ದ ಯುದ್ಧದ ಕೀರ್ತಿಯನ್ನು ತನ್ನದೊಂದೇ ಎಂಬಂತೆ ಕಿಟಕಿಯಲ್ಲಿಡಲು ಅವನು ಒಪ್ಪಲಿಲ್ಲವೆಂದು ನಾನು ಭಾವಿಸುತ್ತೇನೆ.