ವಿಮಾನಯಾತ್ರಿಕಳಾದ ಆಮಿ ಜಾನ್ಸನ್

ಆಕಾಶಮಾರ್ಗದಲ್ಲಿ ಸಂಚರಿಸುವವರಿಗೆ ಧೈರ್ಯವೊಂದಿದ್ದರೆ ಸಾಕೆಂದು ಹಲವರು ಎಣಿಸುವುದುಂಟು. ಆದರೆ ಎಂಜಿನಿಗೆ ಪೆಟ್ರೋಲು ತಡೆಯಿಲ್ಲದೆ ಒದಗದಿದ್ದರೆ ಆ ಧೈರ್ಯವು ವ್ಯರ್ಥವೇ ಸರಿ. ಆಮಿ ಜಾನ್ಸನ್ ಎಂಬ ವೀರವನಿತೆಯ ಚರಿತ್ರೆಯು ಇದಕ್ಕೆ ನಿದರ್ಶನವಾಗಿದೆ.

ಈಕೆಯು 1903ನೆಯ ಇಸವಿ ಜುಲೈ 1ನೆಯ ತಾರೀಖು ಇಂಗ್ಲೆಂಡಿನ ಹಲ್ ಎಂಬ ರೇವುಪಟ್ಟಣದಲ್ಲಿ ಮೀನಿನ ವರ್ತಕರೊಬ್ಬರ ಮಗಳಾಗಿ ಜನಿಸಿದಳು. ಷೆಫೀಲ್ಡ್ ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆದು, ಲಂಡನ್ ನಗರದ ವಕೀಲರೊಬ್ಬರ ಕಚೇರಿಯಲ್ಲಿ ಉದ್ಯೋಗಕ್ಕೆ ಸೇರಿದಳು. ಬಿಡುವಿನ ವೇಳೆಯಲ್ಲಿ ವಿಮಾನ ನಡೆಯಿಸುವುದನ್ನು ಕಲಿತು 1929ರಲ್ಲಿ ಪರವಾನಗಿಯನ್ನು ಪಡೆದಳು. ಅಷ್ಟಕ್ಕೆ ತೃಪ್ತಳಾಗದೆ ಎಂಜಿನಿನ ಕೆಲಸವನ್ನೂ ಅಭ್ಯಾಸಮಾಡಿ, ವಿಮಾನ ದುರಸ್ತಿಯ ಪರವಾನಗಿಯನ್ನು ಪಡೆದ ಬ್ರಿಟಿಷ್ ಸ್ತ್ರೀಯರಲ್ಲಿ ಮೊದಲಿಗಳೆನಿಸಿದಳು.

1930ನೆಯ ಮೇ 5ರಂದು ಈಕೆಯು ಜೇಸನ್ ಎಂಬ ಹೆಸರಿನ ಪುಟ್ಟ ಜಿಪ್ಸಿ ಮಾತ್ ವಿಮಾನದಲ್ಲಿ ಕ್ರಾಯ್ಡನ್ನಿನಿಂದ ಆಸ್ಟ್ರೇಲಿಯಕ್ಕೆ ಏಕಾಕಿಯಾಗಿ ಹೊರಟಳು. ಆ ವಿಮಾನದ ಮೇಲಣ ರೆಕ್ಕೆಯ ನಡುವಿದ್ದ ತೊಟ್ಟಿಯಿಂದ ಪೆಟ್ರೋಲು ತನ್ನ ಭಾರದಿಂದಲೇ ಎಂಜಿನಿಗೆ ಇಳಿಯುತ್ತಿತ್ತು. ದೂರಪ್ರಯಾಣಕ್ಕೆಂದು ಕೆಳಗೆ ಅಳವಡಿಸಿದ್ದ ಹೆಚ್ಚಿನ ಪೆಟ್ರೋಲನ್ನು ಕೈಪಂಪಿನಿಂದ ಮೇಲಕ್ಕೆ ಏರಿಸಬೇಕಾಗಿತ್ತು. ಬಾವಿಯಲ್ಲಿ ನೀರಿದ್ದರೂ ಸೇದದವಳ ಕೊಡವು ಬರಿದಾಗಿರುವಂತೆ, ಮೇಲಣ ತೊಟ್ಟಿಯು ಬರಿದಾದರೆ ಕೆಳಗೆಷ್ಟು ಪೆಟ್ರೋಲಿದ್ದರೂ ಎಂಜಿನು ನಿಂತುಹೋಗುವುದು. ಆದುದರಿಂದ ಪೆಟ್ರೋಲಿನ ಆವಿಯಿಂದ ವಾಕರಿಕೆಯುಂಟಾದರೂ ಆಕೆಯು ಪಂಪುಮಾಡುವುದನ್ನು ಬಿಡುವಂತಿರಲಿಲ್ಲ.

ಆರು ದಿವಸಗಳಲ್ಲಿ ಕರಾಚಿಯನ್ನು ಸೇರಿದ ಆಮಿಯು ಅಲ್ಲಿಂದ ಅಲಹಾಬಾದಿಗೆ ಹೊರಟಳು. ದಾರಿಯಲ್ಲಿ ಪೆಟ್ರೋಲು ಸಾಲದೆಂಬುದು ಕಂಡುಬಂದಿತು. ಇನ್ನಷ್ಟು ದೂರ ಹೋಗಿ ನೋಡೋಣವೆಂಬ ಆಸೆಗೆ ಒಳಗಾಗದೆ, ಝಾನ್ಸಿಯಲ್ಲಿ ಸೈನಿಕರ ಕವಾಯತು ಬಯಲಿನಲ್ಲಿ ವಿಮಾನವನ್ನು ಇಳಿಸಿದಳು. ರೆಕ್ಕೆಗೆ ಪೆಟ್ಟಾದರೂ ಪ್ರಾಣ ಉಳಿಯಿತು. ದುರಸ್ತಿಯಾದ ಮೇಲೆ ಕಲ್ಕತ್ತ, ರಂಗೂನುಗಳ ಮಾರ್ಗವಾಗಿ ಮುಂದುವರಿದು, ಮೇ 24ರಂದು ಆಸ್ಟ್ರೇಲಿಯದ ಡಾರ್ವಿನ್ ಪಟ್ಟಣದಲ್ಲಿಳಿದಳು. ಸುಮಾರು 11,000 ಮೈಲಿಗಳ ಆ ದಾರಿಯನ್ನು ಒಬ್ಬಳೇ ಕ್ರಮಿಸಿದ ಪ್ರಥಮ ಸ್ತ್ರೀ ಆಕೆಯೇ.

ಎರಡನೆಯ ಮಹಾಯುದ್ಧದಲ್ಲಿ ಆಮಿಯು ಸೈನ್ಯದ ವಿಮಾನಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವ ಸೇವೆಗೆ ಸೇರಿದಳು. 1941ನೆಯ ಜನವರಿ 5ರಂದು ಬ್ಲ್ಯಾಕ್‌ಪೂಲಿನಿಂದ ಆಕ್ಸ್‌ಫರ್ಡ್ ಬಳಿಯ ಕಿಡ್ಲಿಂಗ್ಟನ್ನಿಗೆ ಹೊರಟವಳು ದಟ್ಟವಾದ ಮೋಡಗಳಲ್ಲಿ ದಾರಿತಪ್ಪಿದಳು. ಪೆಟ್ರೋಲು ಮುಗಿದುಹೋಯಿತೆಂಬುದೇ ಬಹುಜನರ ಅಭಿಪ್ರಾಯ. ಥೇಮ್ಸ್ ನದೀಮುಖದ ಕೊರೆಯುವ ನೀರಿಗೆ ಪ್ಯಾರಾಚೂಟಿನಿಂದ ಇಳಿದಳು. ಹೇಸಲ್‌ಮಿಯರ್ ಹಡಗಿನ ಅಧಿಕಾರಿಯಾದ ವಾಲ್ಟರ್ ಫ್ಲೆಚರ್ ಎಂಬಾತನು ರಕ್ಷಣೆಗಾಗಿ ನೀರಿಗೆ ಧುಮುಕಿ ತಾನೂ ಪ್ರಾಣತೆತ್ತನು. ಆಮಿಯ ದೇಹವು ದೊರೆಯಲೇ ಇಲ್ಲ.

ಹೊರಡುವ ಮುನ್ನ ತೊಟ್ಟಿಯನ್ನು ಸ್ವತಃ ಅಳೆದು ನೋಡುವುದು, ಗಂಟೆಗೆ ವೆಚ್ಚವಾಗುವ ಪ್ರಮಾಣವನ್ನು ಗಡಿಯಾರದೊಡನೆ ಲೆಕ್ಕಹಾಕುವುದು, ಒಂದು ತೊಟ್ಟಿಯು ಬರಿದಾಗುವ ಮೊದಲೇ ಇನ್ನೊಂದಕ್ಕೆ ತಿರುಗಿಸುವುದು, ಆಪತ್ತಿಗೆಂದು ಒಂದಂಶವನ್ನು ಉಳಿಸಿಕೊಳ್ಳುವುದು, ಇವೇ ಲಘುವಿಮಾನ ನಡೆಯಿಸುವವರ ನಿಯಮಗಳು. ಸಹೋದರಿಯರೇ, ಝಾನ್ಸಿಯಲ್ಲಿ ಕಾಲವರಿತು ಇಳಿದ ಆಮಿಗೆ ಸುಮಾರು ಹನ್ನೊಂದು ವರ್ಷಗಳ ಮೇಲೆ ಮೋಡಗಳು ಇಳಿಯುವ ನೆಲವನ್ನೇ ತೋರಿಸಲಿಲ್ಲ. ಎಂತಹ ಸಮರ್ಥರಿಗೂ ಈ ನಿಯಮಗಳಲ್ಲಿ ವಿನಾಯಿತಿಯಿಲ್ಲವೆಂಬುದನ್ನು ಆಕೆಯ ಚರಿತ್ರೆಯು ನಮಗೆ ತಿಳಿಸುತ್ತದೆ.